ತೂಕ ಜಾಸ್ತಿ

ಬೆಳಿಗ್ಗೆಯಿಂದ ಆದ ಕೆಲಸ ಇಷ್ಟು. ಹಾಲು ಕಾಯಿಸಿದೆ. ಫಿಲ್ಟರಿಗೆ ಕಾಫಿಪುಡಿ ಹಾಕಿದೆ. ಉದ್ದು, ಅಕ್ಕಿ ನೆನೆಸಿದೆ. ನಮ್ಮವರ ಷರಟಿಗೆ ಎರಡು ಗುಂಡಿ ಹೊಲಿದೆ. ಮಹಡಿಯ ಮೇಲೆ ಬಾಳಕದ ಮೆಣಸಿನಕಾಯಿ ಒಣಹಾಕಿ, ಅದರ ಪಕ್ಕದಲ್ಲೇ ಟ್ರಂಕಿನ ತಳದಿಂದ ತೆಗೆದ ಕಂದು ಬಣ್ಣದ ಉಣ್ಣೆ ಶಾಲನ್ನು ಹರವಿದೆ. ಮದರಾಸಿನಲ್ಲಿ ಉಣ್ಣೆ ಶಾಲು ಯಾರಿಗೆ ಬೇಕು? ವರ್ಷಕ್ಕೊಮ್ಮೆ ಬಿಸಿಲು ಕಾಣಿಸಿ ಮತ್ತೆ ಮಡಿಸಿಡುತ್ತೇನೆ. ಅದು ಸರಸಕ್ಕನದು.

ಅವರನ್ನು ನಾನು ಮೊದಲು ಕಂಡದ್ದೇ ಆ ಶಾಲಿನಲ್ಲಿ, ಮೇ ತಿಂಗಳಿನಲ್ಲಿ. ಆಗ ನಾವು ತಿರುವಲ್ಲಿಕ್ಕೇಣಿಯ ಒಂದು ಸ್ಟೋರಿನಲ್ಲಿದ್ದೆವು. ಸ್ಟೋರು ಎಂದರೆ ಅಂಗಡಿಯಲ್ಲ; ಸಾಲಾಗಿ ಆರು ಮನೆ, ಆರಕ್ಕೂ ಸೇರಿ ಒಂದು ಬಾವಿ. ನಾವೆಲ್ಲ ಬೀಸಣಿಗೆ ಹಿಡಿದು ನೆರಳು ಹುಡುಕುವ ಹೊತ್ತಿನಲ್ಲಿ ಕೊನೆಯ ಮನೆಗೆ ಹೊಸದಾಗಿ ಬಂದ ಹೆಂಗಸು ಶಾಲು ಹೊದ್ದು, ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. "ಜ್ವರವೇನ್ರೀ?" ಎಂದು ಕೇಳಿದೆ. "ಜ್ವರ ಇಲ್ಲ, ಚಳಿ," ಎಂದರು.

ಅವರು ಉಡುಪಿ ಕಡೆಯವರು. ಗಂಡ ವಾಸುದೇವ ರಾಯರು ಹೋಟೆಲಿನಲ್ಲಿ ದೊಡ್ಡ ಅಡುಗೆಯವರು. ಮಕ್ಕಳಿಲ್ಲ, ಮನೆಯಲ್ಲಿ ರಾಯರ ತಾಯಿ ಇದ್ದರು. ಅತ್ತೆಗೆ ತಮಿಳು ಒಂದಕ್ಷರವೂ ಬಾರದು, ಸೊಸೆಗೆ ಅಲ್ಪಸ್ವಲ್ಪ. ಸರಸಕ್ಕನಿಗೆ ಮೂವತ್ತೈದು ಇದ್ದಿರಬೇಕು, ನನಗಿಂತ ಐದಾರು ವರ್ಷ ದೊಡ್ಡವರು. ಮುಖ ಊದಿಕೊಂಡಿತ್ತು, ಹುಬ್ಬಿನ ತುದಿ ಉದುರಿತ್ತು, ದನಿ ಒಡೆದ ಮಡಕೆಯೊಳಗಿಂದ ಬಂದ ಹಾಗಿತ್ತು. ಮಾತನಾಡುತ್ತ ಆಡುತ್ತ ನಡುವೆ ಕಣ್ಣು ಮುಚ್ಚುತ್ತಿದ್ದರು. ಎಚ್ಚರವಾದಾಗ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದರು, ಒಂದು ಅಕ್ಷರ ತಪ್ಪದೆ.

ಅಕ್ಷರ ತಪ್ಪದಿರುವುದೇ ಅವರ ವಿಶೇಷ. ಯಾರು ಏನೇ ಹೇಳಲಿ, ಅದನ್ನು ಹೇಳಿದವರದೇ ದನಿಯಲ್ಲಿ, ಹೇಳಿದವರದೇ ರಾಗದಲ್ಲಿ ಒಪ್ಪಿಸುತ್ತಿದ್ದರು. "ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳ್ಬೇಕು ಮಾರಾಯ್ತಿ. ನಮ್ಮದು ಸೇರಿಸಿದರೆ ಅದು ಅಡುಗೆ, ಸುದ್ದಿ ಅಲ್ಲ," ಎನ್ನುತ್ತಿದ್ದರು. ಅತ್ತೆಯ ಬೈಗುಳವನ್ನೂ ಹಾಗೆಯೇ ನನ್ನ ಮುಂದೆ ಅಭಿನಯಿಸುತ್ತಿದ್ದರು: "'ಇವಳು ನೀರು ಸೇದಿ ತರುವಷ್ಟರಲ್ಲಿ ಬಾವಿಯೇ ಬತ್ತಿ ಹೋಗ್ತದೆ!'" ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು, ನಿಧಾನವಾಗಿ.

ಆದರೆ ನಗುವ ವಿಷಯ ಅದಾಗಿರಲಿಲ್ಲ. ದೀಪಾವಳಿ ಕಳೆದ ಮೇಲೆ ಸರಸಕ್ಕನನ್ನು ಊರಿನಲ್ಲಿ ಅಣ್ಣನ ಮನೆಗೆ ಬಿಟ್ಟು ಬರುವುದೆಂದು ತಾಯಿ ಮಗ ಮಾತನಾಡಿಕೊಂಡಿದ್ದರು. ಇಲ್ಲಿಯ ಕೆಲಸ ಅವಳಿಂದ ಆಗುವುದಿಲ್ಲ, ಸೋಮಾರಿತನಕ್ಕೆ ಮದ್ದಿಲ್ಲ ಎಂಬ ಮಾತು. ಬಿಟ್ಟು ಬಂದ ಮೇಲೆ ಕರೆದು ತರುವವರು ಯಾರೂ ಇರುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಡಾಕ್ಟರಿಗೆ ತೋರಿಸಿರಲಿಲ್ಲ ಎಂದಲ್ಲ. ಬೀದಿಯ ತುದಿಯಲ್ಲಿದ್ದ ವಯಸ್ಸಾದ ತಮಿಳು ಡಾಕ್ಟರರ ಹತ್ತಿರ ಒಬ್ಬರೇ ಹೋಗಿ ಬಂದಿದ್ದರು. ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟಿದ್ದರು. ಆಮೇಲೆ ಸರಸಕ್ಕ ರಾತ್ರಿಯೂಟ ಬಿಟ್ಟರು. ಹಗಲಿನಲ್ಲೂ ಒಂದು ಹಿಡಿ ಅನ್ನ, ನೀರು ಮಜ್ಜಿಗೆ. ಆದರೂ ರವಿಕೆ ತಿಂಗಳು ತಿಂಗಳಿಗೆ ಬಿಗಿಯಾಗುತ್ತಿತ್ತು.

ಒಂದು ದಿನ ಅವರೆಕಾಯಿ ಸುಲಿಯುತ್ತ ಕೇಳಿದೆ: "ಉಪವಾಸ ಮಾಡಿ ಅಂತ ಆ ಡಾಕ್ಟ್ರು ಹೇಳಿದ್ರಾ ಸರಸಕ್ಕ?"

"ಹೌದಲ್ಲ. ತೂಕ ಕಡಿಮೆ ಮಾಡ್ಲಿಕ್ಕೆ ಹೇಳಿದ್ದಾರೆ. ಬೆಳಿಗ್ಗೆ ಬೇಗ ಏಳ್ಬೇಕಂತೆ, ಮಧ್ಯಾಹ್ನ ಮಲಗ್ಬಾರದಂತೆ."

"ತೂಕಕ್ಕೂ ಮಲಗೋದಕ್ಕೂ ಏನು ಸಂಬಂಧ? ಅವರು ಹೇಳಿದ್ದನ್ನ ಹೇಳಿದ ಹಾಗೇ ಹೇಳಿ ನೋಡೋಣ."

ಸರಸಕ್ಕ ಬೆನ್ನು ನೇರ ಮಾಡಿ, ಮೂಗಿನ ಮೇಲೆ ಇಲ್ಲದ ಕನ್ನಡಕ ಏರಿಸಿದರು. "'ಎನ್ನಮ್ಮಾ ಉಡಂಬುಕ್ಕು?' ಅಂತ, ಮೈಗೆ ಎಂತ ಆಯ್ತು ಅಂತ ಕೇಳಿದ್ರು. ನಾನು 'ತೂಕ ಜಾಸ್ತಿ' ಅಂದೆ. ಅವರಿಗೆ ಅರ್ಥ ಆಯ್ತು. 'ತೂಕ್ಕತ್ತೆ ಕೊರಚ್ಚಿಕ್ಕೋಂಗಮ್ಮಾ' ಅಂದ್ರು."

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು.

"ಅಯ್ಯೋ ಸರಸಕ್ಕ, ತಮಿಳಿನಲ್ಲಿ ತೂಕ್ಕಂ ಅಂದ್ರೆ ನಿದ್ದೆ! ನಿಮಗೆ ನಿದ್ದೆ ಜಾಸ್ತಿ ಅಂತ ಅವರು ತಿಳ್ಕೊಂಡ್ರು. ನಿದ್ದೆ ಕಡಿಮೆ ಮಾಡಿ ಅಂದ್ರು!"

ಸರಸಕ್ಕ ಬೆರಳು ಮಡಿಸಿ ತಿಂಗಳು ಎಣಿಸಿದರು. "ಹಾಗಾದರೆ ನಾನು ಮೂರು ತಿಂಗಳು ಹಸಿದುಕೊಂಡಿದ್ದದ್ದು ಎಂತದಕ್ಕೆ?"

ಇಬ್ಬರಿಗೂ ನಗು ಬಂತು. ನಡುವೆಯೇ ಅವರ ಕಣ್ಣಿನಿಂದ ನೀರು ಇಳಿಯಿತು, ಅದೂ ನಿಧಾನವಾಗಿಯೇ.

ಮರುದಿನವೇ ನನ್ನ ಕಾಲುನೋವಿನ ನೆಪ ಹೇಳಿ ಅವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಈ ಸಲ ಮಾತು ನನ್ನದು. ಊಟ ಒಂದು ಹಿಡಿ, ಮೈ ಮಾತ್ರ ಏರುತ್ತದೆ, ಮೇ ತಿಂಗಳ ಕತ್ತರಿ ಬಿಸಿಲಿನಲ್ಲೂ ಶಾಲು ಎಂದು ಒಂದೊಂದಾಗಿ ತಮಿಳಿನಲ್ಲಿ ಹೇಳಿದೆ. ಆಕೆ ಸರಸಕ್ಕನನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪಾದ ಚಿಮ್ಮಿತು. ಆದರೆ ವಾಪಸು ಬರಲು ಅದಕ್ಕೆ ಅವಸರವೇ ಇರಲಿಲ್ಲ. ಬೇಕೋ ಬೇಡವೋ ಎಂದು ಹಿಂದಕ್ಕೆ ಬಂತು. ಡಾಕ್ಟರು ಮತ್ತೊಮ್ಮೆ ತಟ್ಟಿ, ನನ್ನನ್ನು ನೋಡಿ, "ಇವರು ಸೋಮಾರಿಯಲ್ಲ," ಎಂದರು. ಸೋಮಾರಿ ಎಂದು ನಾನು ಹೇಳಿಯೇ ಇರಲಿಲ್ಲ.

ರಕ್ತಪರೀಕ್ಷೆಯಾಗಿ ಮುಂದಿನ ವಾರ ಕಾಯಿಲೆಗೆ ಹೆಸರು ಸಿಕ್ಕಿತು: ಕತ್ತಿನ ತೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿಲ್ಲ. ಸರಸಕ್ಕ ನನ್ನ ಕಿವಿಯಲ್ಲಿ, "ತಯಿರು ಅಂದ್ರೆ ಮೊಸರಲ್ವಾ? ಮೊಸರು ಬಿಡ್ಬೇಕಾ?" ಎಂದರು. ಒಂದೇ ವಾರದಲ್ಲಿ ಅವರ ತಮಿಳು ಅಷ್ಟು ಸುಧಾರಿಸಿತ್ತು.

ಮಾತ್ರೆ ಬರೆದುಕೊಟ್ಟು ಡಾಕ್ಟರು ಇನ್ನೊಂದು ಮಾತು ಹೇಳಿದರು. ದಾರಿಯುದ್ದಕ್ಕೂ ನಾನು ಅದನ್ನು ನುಂಗಿಕೊಂಡೇ ಬಂದೆ. ಬಸ್ ಇಳಿದ ಮೇಲೆ ಸರಸಕ್ಕ ನಿಂತರು.

"ಜಾನಕಿ, ಕಡೆಗೆ ಅವರೆಂತದೋ ಹೇಳಿದ್ರು, ನಿನ್ನ ಮುಖ ಸಣ್ಣದಾಯ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳು."

ಸುಳ್ಳು ಹೇಳಬಹುದಿತ್ತು. ನಿಜ ಹೇಳಿದರೆ ಮಾತ್ರೆ ಮುಟ್ಟದೆ ಊರಿನ ಬಸ್ಸು ಹತ್ತಿಬಿಟ್ಟರೆ ಎಂಬ ಹೆದರಿಕೆ. ಆದರೆ ಆ ಹೆಂಗಸು ಒಂದು ಮಾತು ತಪ್ಪಾದದ್ದಕ್ಕೆ ಮೂರು ತಿಂಗಳು ಹಸಿದಿದ್ದರು. ಹೇಳಿದೆ: "ಮಾತ್ರೆ ಕುರಿಯ ಗ್ರಂಥಿಯಿಂದ ಮಾಡಿದ್ದು ಸರಸಕ್ಕ. ದಿನಾ ತಗೋಬೇಕು. ಸಾಯೋವರೆಗೂ."

ಈರುಳ್ಳಿಯನ್ನೂ ಮನೆಯೊಳಗೆ ತಾರದವರು ಅವರು. ಹೂವಿನ ಅಂಗಡಿಯ ಕಟ್ಟೆಯ ಮೇಲೆ ಕೂತುಕೊಂಡರು. ಆಮೇಲೆ ಕೇಳಿದರು: "ಕುರಿಗೆ ನಮ್ಮ ಅತ್ತೆಯ ಹಾಗೆ ಯಾರಾದ್ರೂ ಬೈತಿದ್ರಾ, ಸೋಮಾರಿ ಅಂತ?"

"ಕುರಿ ಓಡಾಡ್ಕೊಂಡೇ ಇರುತ್ತಲ್ಲ."

"ಹಾಗಾದ್ರೆ ಅದರ ಹತ್ತಿರ ಉಂಟು, ನನ್ನ ಹತ್ತಿರ ಇಲ್ಲ. ಕೊಟ್ಟದ್ದಕ್ಕೆ ಒಂದು ನಮಸ್ಕಾರ ಹೇಳಿ ತಗೊಳ್ಳುವ. ಮಾತ್ರೆ ನಿನ್ನ ಮನೆಯಲ್ಲೇ ಇರಲಿ."

"ನಿಮ್ಮ ಅತ್ತೆಗೆ?"

"ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳ್ತೇನೆ. ತಮಿಳಿನಲ್ಲಿ."

ಅಂದಿನಿಂದ ಪ್ರತಿ ಬೆಳಿಗ್ಗೆ ಸ್ನಾನಕ್ಕೆ ಮೊದಲು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಕೈಮುಗಿದು, ಮಾತ್ರೆ ನುಂಗಿ, ಬಾವಿಯ ಹತ್ತಿರ ಮೂರು ಸಲ ಬಾಯಿ ಮುಕ್ಕಳಿಸಿ, ಸ್ನಾನ ಮಾಡಿ ಮಡಿಯುಟ್ಟು ಅಡುಗೆಮನೆಗೆ. ಮೊದಲು ಅರ್ಧ ಮಾತ್ರೆ, ಎರಡು ವಾರ ಬಿಟ್ಟು ಒಂದು. ಒಂದು ತಿಂಗಳು ನನಗೇನೂ ಕಾಣಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ರಾಯರು ಬಸ್ಸಿನ ಸಮಯ ವಿಚಾರಿಸುತ್ತಿದ್ದರು.

ಒಂದು ಮಧ್ಯಾಹ್ನ, ಮಳೆ ಬರುವ ಮುಂಚಿನ ಆ ಬೇಯುವ ಗಾಳಿಯಲ್ಲಿ, ಸರಸಕ್ಕ ದಡದಡನೆ ಒಳಗೆ ಬಂದು ಶಾಲನ್ನು ನನ್ನ ಮಡಿಲಿಗೆ ಎಸೆದರು. "ಎಂತ ಸೆಖೆ ಮಾರಾಯ್ತಿ ನಿಮ್ಮ ಮದರಾಸಿನಲ್ಲಿ! ಮನುಷ್ಯರು ಇರುವ ಊರಾ ಇದು?"

ಮದರಾಸಿನ ಸೆಖೆಯನ್ನು ಯಾರೋ ಬೈದರೆಂದು ನಾನು ಅತ್ತದ್ದು ಅದೊಂದೇ ಸಲ.

ಊರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ತಪ್ಪಾಯಿತು ಎಂದು ಯಾರೂ ಹೇಳಲೂ ಇಲ್ಲ. "ಆ ಟಾನಿಕ್ ಒಳ್ಳೇದಿತ್ತು," ಎಂದರಂತೆ ಅತ್ತೆ. ಅದನ್ನೂ ಸರಸಕ್ಕ ಅತ್ತೆಯ ದನಿಯಲ್ಲೇ ಹೇಳಿ ತೋರಿಸಿದರು.

ಆರು ವರ್ಷ ಆ ಮಾತ್ರೆಯ ಡಬ್ಬಿ ನಮ್ಮ ಗೂಡಿನಲ್ಲಿತ್ತು. ಆಮೇಲೆ ರಾಯರು ಬೊಂಬಾಯಿಯ ಹೋಟೆಲಿಗೆ ಹೋದರು. ವರ್ಷಕ್ಕೊಂದು ಕಾಗದ ಬರುತ್ತಿತ್ತು: "ತೂಕವೂ ಸರಿ ಉಂಟು, ತೂಕ್ಕಂ ಕೂಡ." ಹೋದ ವರ್ಷದ ಕಾಗದ ರಾಯರ ಅಕ್ಷರದಲ್ಲಿತ್ತು. ನಾಲ್ಕು ದಿನದ ಜ್ವರದಲ್ಲಿ ಸರಸಕ್ಕ ಹೋದರೆಂದು ಬರೆದಿದ್ದರು.

ಕೊನೆಗೆ ಅವರನ್ನು ಕಂಡದ್ದು ಬೊಂಬಾಯಿ ರೈಲಿನ ಹಿಂದಿನ ದಿನ. ಡಬ್ಬಿ ತೆಗೆದುಕೊಳ್ಳಲು ಬಂದವರನ್ನು ಊಟಕ್ಕೆ ನಿಲ್ಲಿಸಿದೆ. ಶಾಲು ಕೊಡಹೋದರೆ, "ನಿನಗೆ ಚಳಿ ಆದ್ರೆ ಇರಲಿ," ಎಂದರು. ಉಂಡೆದ್ದು ಚಾಪೆ ಹಾಸಿ, "ಬಾ, ಸ್ವಲ್ಪ ತೂಕ ಮಾಡುವ," ಎಂದು ನಕ್ಕರು. ಎಚ್ಚರವಾದಾಗ ಪಾತ್ರೆಗಳೆಲ್ಲ ತೊಳೆದು ಬೋರಲಾಗಿದ್ದವು, ಅವರು ಇರಲಿಲ್ಲ.

ಅವತ್ತು ಉಂಡದ್ದು ಬದನೆಕಾಯಿ ಹುಳಿ, ಬಾಳಕ, ಮೊಸರನ್ನ. ಮೊದಲು ನಿದ್ದೆ ಹೋದವಳು ನಾನು.