ಅಣ್ಣನ ಆಂಪ್ಲಿಫೈಯರ್ ಮತ್ತೆ ದನಿ ತೆಗೆಯಿತು

ಗೆಳೆಯರೇ, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಅಣ್ಣನ ಪುಟ್ಟ ಗಿಟಾರ್ ಆಂಪ್ಲಿಫೈಯರನ್ನು ಇವತ್ತು ಹುಮನಾಬಾದಿನಲ್ಲಿ ರಿಪೇರಿ ಮಾಡಿಸಿ ತಂದೆ. ಹೋದ ವರ್ಷ ಲಕ್ವಾ ಹೊಡೆದಾಗಿನಿಂದ ಅವನ ಎಡಗೈ ಬೆರಳುಗಳು ಪೂರ್ತಿ ಮಾತು ಕೇಳುವುದಿಲ್ಲ. ಆದರೂ ಅಂಗಳದಲ್ಲಿ ಕೂತು ಹಾಡಿನ ಒಂದೇ ಸಾಲನ್ನು ಗಿಟಾರಿನಲ್ಲಿ ತಪ್ಪುತಪ್ಪಾಗಿ ನುಡಿಸತೊಡಗಿದ. ಹಳೆಯ ಪೆಟ್ಟಿಗೆಯ ತುಸು ಒಡಕು ದನಿ ಓಣಿಯೆಲ್ಲ ತುಂಬಿತು.

ಪಕ್ಕದ ಮನೆಯ ಶಾಂತಕ್ಕ ಹಾಲಿನ ತಂಬಿಗೆ ಹಿಡಿದೇ ಬಂದರು. “ಏ ಮಾಣಿಕಾ, ಸಾಕ್ ಮಾಡೋ! ಎಮ್ಮಿ ಬೆದರಿ ಒದ್ಯಾಕತ್ತದ. ಬಾರಸೂದಿದ್ರ ಸುರಾ-ತಾಳಾ ಹಿಡದು ಬಾರ್ಸು!”

ನನಗೆ ಸಿಟ್ಟು ಬಂತು. “ಬೀಮಾರ್ ಮನಷ್ಯಾಗ ಹಿಂಗ ಬೈತಾರೇನ್ರಿ?” ಅಂದೆ.

ಅಣ್ಣ ಜೋರಾಗಿ ನಕ್ಕ. “ಬೈಲಿ ಬಿಡು ತಮ್ಮಾ. ಲಕ್ವಾ ಹೊಡದ ಮ್ಯಾಲ ಎಲ್ಲಾರೂ ಪಾಪ, ಪಾಪ ಅಂತಿದ್ರು. ಬೈದಾಕಿ ಅಕ್ಕಾ ಒಬ್ಬಾಕಿನೇ.”

ಈಗ ದನಿ ಇನ್ನಷ್ಟು ಏರಿಸಿ ಕೂತಿದ್ದಾನೆ. ಶಾಂತಕ್ಕ ಮತ್ತೆ ಬಂದರೆ ಚಹಾ ಕೊಟ್ಟು, ಕೂರಿಸಿ ಬೈಸುವುದೆಂದು ತೀರ್ಮಾನಿಸಿದ್ದೇನೆ.