ಬಿರುಕಿಗೆ ಸುರಿದ ಪುಡಿ

ನಮ್ಮಕ್ಕನಿಗೆ ಊರಿಟ್ಟ ಹೆಸರು ಗೆಣಸಿನಕ್ಕ. ಅದು ಹುಟ್ಟಿದ್ದು ಗೇಲಿಯಲ್ಲಿ. ರಾಸಾಯನಿಕ ಮುಟ್ಟದೆ ಎರಡೆಕರೆ ಸಿಹಿಗೆಣಸು ಬೆಳೆದು ಪೇಟೆಯ ದೊಡ್ಡ ಅಂಗಡಿಗಳಿಗೆ ಮಾರುತ್ತೇವೆಂದು ಅವಳೂ ಭಾವನೂ ಹೊರಟಾಗ ನಗದವರು ಯಾರು? ನಾನೂ ನಕ್ಕಿದ್ದೆ. ಸಾವಯವ ಎಂಬ ಪ್ರಮಾಣಪತ್ರ ಬೇಕಾದರೆ ಮೂರು ವರ್ಷ ಹೊಲಕ್ಕೆ ಚಿಟಿಕೆ ವಿಷವೂ ಬೀಳಕೂಡದು. ಪತ್ರವಿಲ್ಲದೆ ಆ ಅಂಗಡಿಯವರು ಕೊಳ್ಳುವುದಿಲ್ಲ.

ಈ ಬಿಸಿಲಿನಲ್ಲಿ ಗೆಣಸಿನ ಶತ್ರು ಮೂತಿ ಹುಳು. ಗೆಡ್ಡೆ ದಪ್ಪಗಾದಂತೆ ಮೇಲಿನ ಒಣ ಮಣ್ಣು ಬಿರಿಯುತ್ತದೆ, ಹುಳು ಆ ಬಿರುಕಿನಲ್ಲೇ ಇಳಿದು ಗೆಡ್ಡೆ ಕೊರೆಯುತ್ತದೆ. ವಿಷ ಹಾಕದವರು ದಿನಾ ಬೆಳಗ್ಗೆ ಬಳ್ಳಿ ಎತ್ತಿ, ಬಿರುಕು ಹುಡುಕಿ, ಮಣ್ಣೆಳೆದು ಮುಚ್ಚಬೇಕು. ಮೂರನೆಯ ವರ್ಷ, ಎದೆನೋವೆಂದು ಸಾಲಿನ ನಡುವೆ ಕೂತ ಭಾವ ಮತ್ತೆ ಏಳಲಿಲ್ಲ. ಅಕ್ಕ ಅಳಲಿಲ್ಲ. ನಾಲ್ಕನೆಯ ದಿನ ಗುದ್ದಲಿ ಹಿಡಿದು ಹೊರಟಳು. ಕಲ್ಲೆದೆಯವಳು ಎಂದರು ಜನ. ಅಂದವರ ಹಲ್ಲುದುರಿಸಲು ನನ್ನ ಕೈ ತುರಿಸುತ್ತಿತ್ತು. ಅವಳ ಕಿವಿಗೆ ಅದು ಬಿದ್ದಂತೆಯೂ ಇರಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದಳು, ಉಪ್ಪು ಮರೆತಿದ್ದರೂ.

ಅವಳ ಪಾಡು ನೋಡಲಾರದೆ, ಅವಳು ಮಲಗಿದ್ದ ಒಂದು ಮಧ್ಯಾಹ್ನ ಕೊನೆಯ ಆರು ಸಾಲುಗಳ ಬಿರುಕಿಗೆ ನಾನು ಹುಳು ಕೊಲ್ಲುವ ವಿಷದ ಪುಡಿ ಸುರಿದು ಮಣ್ಣು ಮುಚ್ಚಿದೆ. ಆರೇ ಸಾಲು, ಯಾರಿಗೆ ಗೊತ್ತಾಗುತ್ತದೆ ಎಂಬ ಜಾಣತನ ನನ್ನದು. ಪುಡಿ ಹಾಕಿದ್ದೇನೆ, ಇನ್ನು ನಿನಗೆ ಆರು ಸಾಲಿನ ಕೆಲಸ ತಪ್ಪಿತು ಎಂದು ಸಂಜೆ ಅವಳಿಗೆ ಹೇಳಿಯೂ ಬಿಟ್ಟೆ. ಹೂಂ ಎಂದಳು, ಬೈಯಲೂ ಇಲ್ಲ. ಮಾಡಬಾರದ್ದು ಮಾಡಿದರೆ ಆಗಬಾರದ್ದು ಆಗುತ್ತದೆ ಅನ್ನುತ್ತಾರೆ, ನನಗೆ ಅದು ಹೊಳೆಯಲೇ ಇಲ್ಲ.

ಗೆಣಸು ಕೀಳುವ ಮುನ್ನ ತಪಾಸಣೆ ಅಧಿಕಾರಿ ಬಂದರು. ಎಲೆ ತಿರುವಿದರು, ಗೆಡ್ಡೆ ಕೊಯ್ದು ನೋಡಿದರು, ಬೆಳೆ ಚೆನ್ನಾಗಿದೆ ಎಂದರು. ಕಾಗದ ತೆಗೆದು, ಹೊಲಕ್ಕೆ ಏನಾದರೂ ಹಾಕಿದ್ದೀರಾ ಎಂದು ಕೇಳಿದರು. ಕೇಳಬೇಕಲ್ಲ ಎಂದು ಕೇಳಿದ ಪ್ರಶ್ನೆ ಅದು. ಇಲ್ಲವೆನ್ನಲು ನಾನು ಬಾಯಿ ತೆರೆದೆ.

"ಹಾಕಿದ್ದೀವಿ ಸಾರ್, ಕೊನೇ ಆರು ಸಾಲಿಗೆ," ಎಂದಳು ಅಕ್ಕ, ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವಂತೆ.

ಅಧಿಕಾರಿ ಕಾಗದ ಮಡಚಿದರು. ಹಾಗಾದರೆ ಲೆಕ್ಕ ಮೊದಲಿನಿಂದ, ಇನ್ನೂ ಮೂರು ವರ್ಷ ಎಂದು ಹೇಳಿ ಹೊರಟರು.

ನಾನು ನಾಚಿಕೆ ಬಿಟ್ಟು ಅತ್ತೆ. ಅತ್ತು, ಬಾಯಿ ಮುಚ್ಚಿಕೊಂಡಿದ್ದರೆ ಪತ್ರ ಬರುತ್ತಿತ್ತಲ್ಲ ಎಂದು ಅವಳ ಮೇಲೆಯೇ ರೇಗಿದೆ.

"ಬಂದಿದ್ರೆ ಯಾರಿಗೆ ತೋರಿಸ್ಲಿ?" ಎಂದಳು.

ನನಗೆ ತೋರಿಸಬಹುದಿತ್ತು ಎನ್ನಲು ನಾಲಿಗೆಯ ತುದಿಯವರೆಗೂ ಬಂತು. ಯಾವ ಮುಖ ಇಟ್ಟುಕೊಂಡು ಹೇಳಲಿ?