ಹಮ್ಮಣ್ಣನ ಕೆಂಪು ಸ್ವಿಚ್ಚು

ಸತ್ತ ಕೆಪಾಸಿಟರಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ, ಥೇಟು ಮೀನಿನದು. ಇವತ್ತು ಕಾರವಾರದ ನನ್ನ ಅಂಗಡಿಯಲ್ಲಿ ಹಳೆಯ ಕಂಪ್ಯೂಟರೊಂದರ ಎಸ್‌ಎಂಪಿಎಸ್ ಬಿಚ್ಚಿದೆ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುವ ತಗಡಿನ ಡಬ್ಬಿ ಅದು. ಮುಚ್ಚಳ ತೆಗೆದದ್ದೇ ತಡ, ಪಕ್ಕದ ಬಳೆ ಅಂಗಡಿಯ ಪದ್ಮಕ್ಕ ಇಣುಕಿದರು.

"ಏನ್ರೀ, ಅಂಗಡೀಲೇ ತಾರ್ಲೆ ಮೀನು ಸುಡುಕೆ ಶುರು ಮಾಡಿದ್ರ್ಯಾ?"

ಬೇರೆ ಊರಿನಲ್ಲಾದರೆ ಈ ವಾಸನೆ ಬಂದ ಕೂಡಲೇ ಜನ ಪ್ಲಗ್ಗು ಕೀಳುತ್ತಾರೆ. ನಮ್ಮ ಕಡೆ ಹಾಗಲ್ಲ, ಅಡುಗೆಮನೆಗೆ ಹೋಗಿ ಯಾವ ಮೀನು ಎಂದು ವಿಚಾರಿಸುತ್ತಾರೆ. ಹಿಂದೊಮ್ಮೆ ಅಂಕೋಲೆಯ ಹಮ್ಮಣ್ಣನ ಮನೆಯಲ್ಲಿ ಆದದ್ದೂ ಅದೇ.

ಹಮ್ಮಣ್ಣ ಕದ್ರಾದ ಪವರ್ ಹೌಸಿನಲ್ಲಿ ದುಡಿದು ನಿವೃತ್ತರಾದವರು. ಕೇಣಿ ಬಂದರಿಗೆ ಹೋಗುವ ದಾರಿಯಲ್ಲಿ ಮನೆ. ಊರಿನಲ್ಲಿ ಕರೆಂಟು ಹೋದರೆ ತಮ್ಮದೇ ಅಂಗಡಿಯ ಮಾಲಿನಲ್ಲಿ ಯಾರೋ ಹುಳುಕು ತೆಗೆದಂತೆ ಅವರ ಮುಖ ಸಣ್ಣದಾಗುತ್ತಿತ್ತು. ಅವರ ಹೆಂಡತಿ ತುಳಸಕ್ಕನಿಗೆ ತಲೆ ನರೆತ ಮೇಲೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಟೈಪಿಂಗ್ ಕಲಿತು, ಲಗ್ನಪತ್ರಿಕೆ ಜೋಡಿಸಿ, ಅಂಕೋಲೆ ಪೇಟೆಯ ಪ್ರೆಸ್ಸಿಗೆ ಕೊಡಲು ಶುರು ಮಾಡಿದ್ದರು. ಯಂತ್ರ ಮಾರಿದವನು ನಾನೇ. ಹಳೆ ಕಂಪ್ಯೂಟರು ಕೊಂಡು, ಒರೆಸಿ, ಮಾರಿ ಮೇಲೆ ಬಂದವನು ನಾನು. ಚೌಕಾಸಿಯಲ್ಲಿ ನನ್ನ ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಸೋತವನಲ್ಲ. ಆದ್ದರಿಂದ ಒಂದು ಬೆಳಿಗ್ಗೆ ಹಮ್ಮಣ್ಣ ಫೋನು ಮಾಡಿ "ನಿನ್ನ ಡಬ್ಬಿ ಢಂ ಅಂತು" ಎಂದಾಗ, ಜಗಳಕ್ಕೆ ಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡು ಹೋದೆ.

ಜಗಳವೇ ಇರಲಿಲ್ಲ. ತುಳಸಕ್ಕ ಕಂಪ್ಯೂಟರಿನಿಂದ ದೂರ, ಒಳಬಾಗಿಲಿಗೆ ಒರಗಿ ನಿಂತಿದ್ದರು.

"ನಿನ್ನ ತಪ್ಪಲ್ಲ ತಮಾ. ನಾ ಬಟನ್ ಒತ್ತಿದ್ದು, ಅದು ಹೊಗೆ ಬಿಟ್ಟದ್ದು. ನನ್ನ ಕೈಗುಣವೇ ಹಾಂಗೆ. ಇನ್ನು ಮುಟ್ಟೂದಿಲ್ಲ. ಲಗ್ನದ ಮನೆಯವ್ರಿಗೆ ಬೇರೆ ಕಡೆ ಮಾಡ್ಸಿ ಅಂತ ಹೇಳಿ ಕಳಿಸ್ತೆ. ಇದನ್ನ ನೀನೇ ತಕಂಡು ಹೋಗು."

"ನಾ ಮೊದ್ಲೇ ಹೇಳ್ದೆ, ಮೆಲ್ಲ ಒತ್ತು ಅಂತ" ಎಂದರು ಹಮ್ಮಣ್ಣ. ಹೇಳುವಾಗ ನನ್ನನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ.

ಬಟನ್ ಜೋರಾಗಿ ಒತ್ತಿದರೆ ಎಸ್‌ಎಂಪಿಎಸ್ ಸುಡುವುದಿಲ್ಲ. ಡಬ್ಬಿಯನ್ನು ತಿರುಗಿಸಿದೆ. ಹಿಂದೆ ಒಂದು ಕೆಂಪು ಸ್ವಿಚ್ಚು ಇರುತ್ತಿತ್ತು, ಹಳಬರಿಗೆ ನೆನಪಿರಬಹುದು. ಒಂದು ಕಡೆ 230, ಇನ್ನೊಂದು ಕಡೆ 115. ಕೆಲವು ಹೊರದೇಶಗಳ ಕಡಿಮೆ ವೋಲ್ಟೇಜಿಗಾಗಿ ಇಟ್ಟದ್ದು. ನಮ್ಮಲ್ಲಿ ಅದನ್ನು ಯಾರೂ ಮುಟ್ಟಬಾರದು, 115ಕ್ಕೆ ಸರಿಸಿ ನಮ್ಮ ಕರೆಂಟು ಕೊಟ್ಟರೆ ಡಬ್ಬಿ ಸುಡುತ್ತದೆ. ಅದು 115ರಲ್ಲಿತ್ತು.

ಹಮ್ಮಣ್ಣನನ್ನು ಮೆಲ್ಲಗೆ ಜಗಲಿಗೆ ಕರೆದೆ.

"ಇದನ್ನ ಸರಿಸಿದವ್ರು ಯಾರು?"

"ಸಂಜೆಗೆ ವೋಲ್ಟೇಜು ಬೀಳ್ತದೆ ಮಾರಾಯಾ, ಇದು ಚಾಲೂ ಆಗೂದೇ ಇಲ್ಲ. ವೋಲ್ಟೇಜು ಬಿದ್ರೆ ನಮ್ಮ ಕದ್ರಾದಾಗೆ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಾಯಿಸಿ ಏರಿಸ್ತಾರೆ. ಇದೂ ಅದೇ ನಮೂನೆ ಅಂತ ತಿಳ್ದೆ. ಸಂಜೆ ಇತ್ಲಾಗೆ, ಬೆಳಿಗ್ಗೆ ಅತ್ಲಾಗೆ."

"ಇವತ್ತು ಬೆಳಿಗ್ಗೆ?"

"ಕೇಣಿಗೆ ಬೋಟು ಬಂತು ಅಂತ ಕೂಗಿದ್ರು. ಬಂಗಡೆ. ಚೀಲ ತಕಂಡು ಓಡ್ದೆ."

ರಾತ್ರಿ ಕಳೆದು ಊರಿಗೆ ಪೂರ್ತಿ ವೋಲ್ಟೇಜು ಬಂದಿತ್ತು, ಸ್ವಿಚ್ಚು ಮಾತ್ರ ಸಂಜೆಯಲ್ಲೇ ನಿಂತಿತ್ತು. ಪಾಪ, ತುಳಸಕ್ಕ ಬಟನ್ ಒತ್ತಿದರು. ಹಮ್ಮಣ್ಣ ಬಂಗಡೆ ಕೊಂಡು ಬಂದಾಗ ಮನೆಯೆಲ್ಲ ಅದೇ ವಾಸನೆ. ತಾವು ತರುವ ಮೊದಲೇ ಮೀನು ಎಲ್ಲಿಂದ ಬಂತು ಎಂದು ಹೆಂಡತಿಯನ್ನು ಕೇಳಿದರಂತೆ.

ನಾನು ದರ ಹೇಳಿದೆ. "ಕೂಲಿ ಬೇಡ. ನೀವು ಒಳಗೆ ಹೋಗಿ ತುಳಸಕ್ಕನಿಗೆ ಇದನ್ನ ಹೇಳ್ಬೇಕು."

"ಕೂಲಿ ಎರಡು ಪಟ್ಟು ತಕೋ. ಅದೊಂದು ಬಿಡು."

ನನ್ನ ವ್ಯಾಪಾರದಲ್ಲಿ ಗಿರಾಕಿಯೇ ದರ ಏರಿಸಿದ್ದು ಅದೊಂದೇ ಸಲ. ನಾನು ಇಳಿಯಲಿಲ್ಲ. ಚೌಕಾಸಿ ಮಾಡುವವರಿಗೆ ನನ್ನ ಬುದ್ಧಿಮಾತು ಒಂದೇ: ಎದುರಿನವನಿಗೆ ಯಾವುದು ದುಬಾರಿಯೋ ಅದನ್ನೇ ಕೇಳಿ, ಆಮೇಲೆ ಸುಮ್ಮನಿರಿ.

ಫ್ಯೂಸು ಬದಲಿಸಿದೆ, ಉಬ್ಬಿದ ದೊಡ್ಡ ಕೆಪಾಸಿಟರುಗಳನ್ನು ಕಿತ್ತು ಚೀಲದಲ್ಲಿದ್ದ ಹೊಸವನ್ನು ಕೂರಿಸಿದೆ. ನೀವು ಮಾತ್ರ ಇದಕ್ಕೆ ಕೈಹಾಕಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ಆಳನ್ನು ಎತ್ತಿ ಬಿಸಾಡುವಷ್ಟು ಕರೆಂಟು ಕೂತಿರುತ್ತದೆ. ಮೀಟರು ಹಚ್ಚಿದರೆ ಕಂಪ್ಯೂಟರಿಗೆ ಬೇಕಾದ ಐದು ವೋಲ್ಟು, ಹನ್ನೆರಡು ವೋಲ್ಟು ಎರಡೂ ಸರಿಯಾಗಿಯೇ ಬಂದವು. ಹೊಸಬರು ಇಲ್ಲಿಗೇ ನಿಲ್ಲಿಸಿ ಮುಚ್ಚಳ ಹಾಕಿಬಿಡುತ್ತಾರೆ. ಭಾರ ಹೊರಿಸದೆ ಅಳೆದರೆ ಎಲ್ಲ ಡಬ್ಬಿಯೂ ಒಳ್ಳೆಯದೇ. ಬೋರ್ಡಿಗೆ ಜೋಡಿಸಿದೆ, ಐದು ನಾಲ್ಕೂವರೆಗೆ ಕುಸಿಯಿತು, ಕಂಪ್ಯೂಟರು ಕಣ್ಣು ಬಿಟ್ಟು ಮತ್ತೆ ಮುಚ್ಚಿತು.

ಆ ಕಾಲದ ಡಬ್ಬಿಯೊಳಗೆ ವೋಲ್ಟೇಜು ಹೊಂದಿಸುವ ಪುಟ್ಟ ತಿರುಪೊಂದು ಇರುತ್ತಿತ್ತು. ಐದು ಏರಿಸಿದರೆ ಹನ್ನೆರಡೂ ಜೊತೆಗೇ ಏರುತ್ತದೆ. ಒಂದರ ಮೇಲೆ ಮಾತ್ರ ಕಣ್ಣಿಟ್ಟರೆ ಇನ್ನೊಂದು ಕೆಡುತ್ತದೆ. ನಾನು ಪ್ಲಾಸ್ಟಿಕ್ ಕಡ್ಡಿಯಿಂದ ಕೂದಲೆಳೆಯಷ್ಟು ತಿರುಗಿಸುವುದು, ಹಮ್ಮಣ್ಣ ಮೀಟರು ಓದುವುದು ಎಂದಾಯಿತು.

"ಸಾವಿರಗಟ್ಟಲೆ ವೋಲ್ಟು ನೋಡಿದವ ನಾನು. ಐದಕ್ಕೆ ಇಷ್ಟು ಗೋಳಾ!" ಎಂದು ಗೊಣಗಿ, ಕನ್ನಡಕ ಏರಿಸಿ, ಪವರ್ ಹೌಸಿನ ದನಿ ತೆಗೆದರು.

"ನಾಲ್ಕು ಪಾಯಿಂಟ್ ಎಂಟು. ನಾಲ್ಕು ಪಾಯಿಂಟ್ ಒಂಬತ್ತು. ಐದು. ಕೆಂಪು ಸ್ವಿಚ್ಚು ಸರಿಸಿದ್ದು ನಾನು. ಹನ್ನೆರಡೂ ಸರಿ ಅದೆ."

ಬಾಗಿಲಲ್ಲಿ ತುಳಸಕ್ಕನ ಬಳೆ ಸದ್ದಾಯಿತು. "ಎಂತಾ ಹೇಳ್ದ್ರಿ?"

"ಹನ್ನೆರಡು ಸರಿ ಅದೆ ಅಂದೆ."

"ಅದಲ್ಲ. ಅದಕ್ಕಿಂತ ಹಿಂದಿಂದು."

ಹಮ್ಮಣ್ಣ ಮೀಟರಿನಿಂದ ಕಣ್ಣು ತೆಗೆಯದೆ ಎಲ್ಲ ಹೇಳಿದರು. ಸಂಜೆಯ ಟ್ಯಾಪು, ಬಂಗಡೆ, ಮೆಲ್ಲ ಒತ್ತು ಎಂದು ಸುಮ್ಮನೆ ಹೇಳಿದ್ದು. ತುಳಸಕ್ಕ ಕೇಳಿಸಿಕೊಂಡು ತಮ್ಮ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡರು.

"ಹಾಂಗಾರೆ ನನ್ನ ಕೈ ಸರಿನೇ ಅದೆ." ಆಮೇಲೆ ಗಂಡನ ಕಡೆ ತಿರುಗಿದರು. "ಕದ್ರಾದಾಗೂ ಹೀಂಗೇ ಮಾಡ್ತಿದ್ರ್ಯಾ? ಊರಿಗೆ ಬೆಳಕು ಬಂದದ್ದೇ ದೊಡ್ಡದಾಯ್ತು."

ಸೆರಗಿಗೆ ಕೈ ಒರೆಸಿ, ಕುರ್ಚಿ ಎಳೆದು ಕುಳಿತು, ಬಟನ್ನನ್ನು ಬೇಕೆಂದೇ ಜೋರಾಗಿ ಒತ್ತಿದರು. ಮದುಮಗನ ಹೆಸರು ಅರ್ಧಕ್ಕೆ ನಿಂತಿತ್ತಂತೆ. ಊಟಕ್ಕೆ ಮೊದಲೇ ಪೂರ್ತಿಯಾಯಿತು. ಬಂಗಡೆ ಸಾರು ಬಡಿಸುವಾಗ ದೊಡ್ಡ ತುಂಡು ನನ್ನ ಎಲೆಗೆ ಬಿತ್ತು. ಹಮ್ಮಣ್ಣ ಬಾಲದ ತುಂಡಿಗೇ ಕೈಹಾಕಿದರು.

ಈಗಿನ ಡಬ್ಬಿಗಳಲ್ಲಿ ಆ ತಿರುಪೂ ಇಲ್ಲ, ಸ್ವಿಚ್ಚೂ ಅಪರೂಪ. ಹಾಳಾದರೆ ಹೊಸತು ಹಾಕುವುದು, ಅಷ್ಟೇ. ಆದರೂ ಗಿರಾಕಿಗಳಿಗೆ ನಾನು ಮೊದಲು ಕೇಳುವುದು ಯಂತ್ರಕ್ಕೆ ಏನಾಯಿತು ಎಂದಲ್ಲ, ಮನೆಯಲ್ಲಿ ಯಾರನ್ನು ಬೈದಿರಿ ಎಂದು. ಕೆಲವರು ನಗುತ್ತಾರೆ, ಕೆಲವರು ಫೋನು ಹಿಡಿದು ಹೊರಗೆ ಹೋಗುತ್ತಾರೆ.

ಇಷ್ಟು ಬರೆಯುವಾಗಲೇ ಫೋನು ಬಂತು. ತುಳಸಕ್ಕ. ಈಗ ಅವರದು ಹೊಸ ಕಂಪ್ಯೂಟರು, ಕೆಲಸವೂ ಜಾಸ್ತಿ. ಅಂಗಡಿಗೇ ತನ್ನಿ ಎಂದು ಎಲ್ಲರಿಗೂ ಹೇಳುವ ನಾನು ಆಗಲೇ ಚಪ್ಪಲಿ ಹುಡುಕುತ್ತಿದ್ದೆ.

"ಚಾಲೂ ಆಗ್ತಾ ಇಲ್ಲ ತಮಾ. ಇವ್ರು ಪಕ್ಕದಾಗೇ ಕೂತಿದ್ರು. ನಾ ಇನ್ನೂ ಯಾರಿಗೂ ಬೈಲಿಲ್ಲ. ಬೇಗ ಬಾ, ಬಾಯಿ ತಡೀಲಿಕ್ಕೆ ಆಗೂದಿಲ್ಲ."